ಶಿವರಾತ್ರಿ ಹೊತ್ತಿಗೆ ಮಲ್ಲಿಗೆ ಸವರಬಹುದೇ?

ಪ್ರಶ್ನೆ (ಚಿತ್ರದುರ್ಗ): ಚಳಿಗಾಲದಲ್ಲಿ ಸವರದೆ ಬಿಟ್ಟಿದ್ದ ನಮ್ಮ ಹಿತ್ತಲಿನ ದುಂಡುಮಲ್ಲಿಗೆಯ ತುದಿಗಳಲ್ಲಿ ಈಗ ಅಕ್ಕಿಕಾಳಿನಷ್ಟು ಮೊಗ್ಗು ಕಾಣಿಸಿಕೊಂಡಿದೆ. ಈಗ ಕತ್ತರಿಸಬಹುದೇ? ದಾಸವಾಳದ ಚಿಗುರಿಗೂ ಬಿಳಿ ಹಿಟ್ಟಿನಂಥದ್ದು ಮೆತ್ತಿಕೊಂಡಿದೆ.

ಉತ್ತರ (ದಾವಣಗೆರೆ): ಮೊಗ್ಗು ಕಟ್ಟಿದ ರೆಂಬೆಗಳನ್ನು ಮುಟ್ಟಬೇಡಿ; ಒಣಗಿದ, ಒಳಗೊಳಗೆ ಹೆಣೆದುಕೊಂಡ ಕಡ್ಡಿಗಳನ್ನಷ್ಟೇ ತೆಗೆಯಿರಿ. ಮಲ್ಲಿಗೆಯು ಹೊಸ ಚಿಗುರಿನಲ್ಲೇ ಹೂ ಬಿಡುವುದರಿಂದ, ಮೊದಲ ಹೂವು ಮುಗಿದ ಮೇಲೆ ತುದಿಗಳನ್ನು ಕತ್ತರಿಸಿ, ಬುಡ ಸಡಿಲಿಸಿ ಕೊಟ್ಟಿಗೆ ಗೊಬ್ಬರ ಕೊಟ್ಟರೆ ಮತ್ತೊಂದು ಸುತ್ತು ಹೂವು ಖಂಡಿತ ಬರುತ್ತದೆ.

ಉತ್ತರ (ಚಳ್ಳಕೆರೆ): ದಾಸವಾಳದ್ದು ಹಿಟ್ಟು ತಿಗಣೆ. ಒಂದು ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ ಹಾಗೂ ಸ್ವಲ್ಪ ಸೋಪಿನ ನೀರು ಬೆರೆಸಿ ಸಂಜೆ ಸಿಂಪಡಿಸಿ. ಇರುವೆಗಳನ್ನೂ ತಡೆಯಿರಿ, ತಿಗಣೆಯನ್ನು ಕಾಯುವುದು ಅವೇ. ನಮ್ಮ ಕಡೆ ಧಾರಾಳವಾಗಿ ಸಿಗುವ ಶೇಂಗಾ ಸಿಪ್ಪೆಯನ್ನು ಬುಡಕ್ಕೆ ಹೊದಿಸಿದರೆ ಬೇಸಿಗೆಯಲ್ಲೂ ತೇವ ಉಳಿಯುತ್ತದೆ. ಗೆದ್ದಲಿದ್ದರೆ ಮಾತ್ರ ಬೇಡ.