ಪಂಪ್ ಲೈನ್ ಬದಲಾಯಿತು, ಹಾಳೆ ಬದಲಾಗಲಿಲ್ಲ

ಗುಂಪು: ತೀರ್ಥಹಳ್ಳಿ ಮನೆ

ದೊಡ್ಡಪ್ಪ: (ಪಿಡಿಎಫ್: ಹೋಂಸ್ಟೇ ವೈರಿಂಗ್) ಎಲ್ಲರೂ ಒಮ್ಮೆ ನೋಡಿ. ಸೋಮವಾರ ಕೆಲಸ ಶುರು.

ಭಾವ: ಮಾವ, ಪ್ಲಾನ್‌ನಲ್ಲಿ ತೋಟದ ಪಂಪ್ ಹಿತ್ತಿಲ ಬೋರ್ಡಿಗೆ ಹೋಗಿದೆ. ಮೀಟರ್‌ನಿಂದ ಕರೆಂಟ್ ಯಾವ ಕ್ರಮದಲ್ಲಿ ಎಲ್ಲಿಗೆ ಹೋಗುತ್ತದೆ ಅಂತ ತೋರಿಸುವ ಸಿಂಗಲ್ ಲೈನ್ ಡಯಾಗ್ರಾಂನಲ್ಲಿ ಇನ್ನೂ ಮೇನ್ ಬೋರ್ಡಿನಲ್ಲೇ ಇದೆ. ನಮ್ಮ ಹುಡುಗರು ಯಾವುದನ್ನು ನಂಬಬೇಕು?

ದೊಡ್ಡಪ್ಪ: ಹಿತ್ತಿಲ ಬೋರ್ಡಿಗೇ. ಹೋದ ವಾರ ನಾನೇ ಹೇಳಿ ಬದಲಾಯಿಸಿದ್ದು. ಒಂದು ಕಡೆ ತಿದ್ದಿದರೆ ಎಲ್ಲ ಕಡೆ ಬದಲಾಗುತ್ತದೆ ಅಂತ ನೀನೇ ಅಂದಿದ್ದೆ ಅಲ್ವಾ ಮಾಣಿ?

ತಮ್ಮ: ಹೌದು ದೊಡ್ಡಪ್ಪ. ನಾನು ಇದನ್ನು ಬರೆದ ಸಾಫ್ಟ್‌ವೇರ್ ರೆವಿಟ್‌ನಲ್ಲಿ ಪ್ಲಾನ್, ಸೆಕ್ಷನ್, ಪ್ಯಾನೆಲ್ ಶೆಡ್ಯೂಲ್ (ಯಾವ ಬೋರ್ಡಿನಲ್ಲಿ ಯಾವ ಸರ್ಕ್ಯೂಟ್ ಅನ್ನುವ ಪಟ್ಟಿ) ಎಲ್ಲ ಕಟ್ಟಡದ ಒಂದೇ 3ಡಿ ಮಾಡೆಲ್‌ನಿಂದ ಬರುತ್ತವೆ. ಶೆಡ್ಯೂಲ್‌ನಲ್ಲಿ ಪಂಪ್ ಸರಿಯಾಗಿದೆ ನೋಡಿ. ಆ ಸಿಂಗಲ್ ಲೈನ್ ಹಾಳೆ ಒಂದು ಮಾತ್ರ ಕೈಯಲ್ಲಿ ತಿದ್ದಬೇಕು. ಐದು ನಿಮಿಷದ ಕೆಲಸ, ಸುಮ್ನೆ ದೊಡ್ಡದು ಮಾಡಬೇಡಿ.

ನಾನು: ಆ ಒಂದು ಹಾಳೆಯೇ ಮುಖ್ಯ ತಮ್ಮ. ದೊಡ್ಡಪ್ಪ, ಆ ಹಾಳೆ ಡ್ರಾಫ್ಟಿಂಗ್ ವ್ಯೂನಲ್ಲಿ, ಅಂದರೆ ಮಾಡೆಲ್‌ಗೆ ಸೇರದ ಖಾಲಿ ಹಾಳೆಯಲ್ಲಿ ಬರೆದದ್ದು. ಅಲ್ಲಿರುವುದು ಬರೀ ಗೆರೆ ಮತ್ತು ಗುರುತು. ಪಂಪಿನ ಗುರುತಿಗೂ ಮಾಡೆಲ್‌ನ ಪಂಪಿಗೂ ಸಂಬಂಧವೇ ಇಲ್ಲ. ಯಾವ ಸರ್ಕ್ಯೂಟ್ ಯಾವ ಬೋರ್ಡಿಗೆ ಅಂತ ರೆವಿಟ್‌ಗೆ ಗೊತ್ತಿರುತ್ತದೆ, ಶೆಡ್ಯೂಲ್ ಬರುವುದು ಅದರಿಂದಲೇ. ಆದರೆ ಅದನ್ನೇ ಜೋಡಿಸಿ ಸಿಂಗಲ್ ಲೈನ್ ಬರೆದು ಕೊಡುವುದಿಲ್ಲ.

ಅಕ್ಕ: ಗೊತ್ತಿದ್ದೂ ಬರೆಯಲ್ವಾ? ಯಾಕೆ?

ನಾನು: ಕಟ್ಟಡದಲ್ಲಿ ಯಾವ ವಸ್ತು ಎಲ್ಲಿದೆ, ಎಷ್ಟು ಉದ್ದ ಅನ್ನುವುದರ ಮೇಲೆ ನಿಂತ ಸಾಫ್ಟ್‌ವೇರ್ ಅದು. ಸಿಂಗಲ್ ಲೈನ್‌ಗೆ ಜಾಗ, ಅಳತೆ ಬೇಡ. ಬಸ್ ಬೋರ್ಡಿನಲ್ಲಿ ಶಿವಮೊಗ್ಗ, ಗಾಜನೂರು, ಮಂಡಗದ್ದೆ, ತೀರ್ಥಹಳ್ಳಿ ಅಂತ ಸಾಲಾಗಿ ಬರೆದಿರುತ್ತಾರಲ್ಲ, ತಿರುವು ತೋರಿಸುವುದಿಲ್ಲ. ಹಾಗೆ. ಮೀಟರ್ ಆದಮೇಲೆ ಯಾವುದು, ಅದಾದಮೇಲೆ ಯಾವುದು, ಅಷ್ಟೇ ಬೇಕು. ರೆವಿಟ್‌ನಲ್ಲಿ ಅಳತೆ ಬೇಡದ ಹಾಳೆಗೂ ಒಂದು ಸ್ಕೇಲ್ ಇದ್ದೇ ಇರುತ್ತದೆ. 1:50 ಇದ್ದದ್ದನ್ನು 1:100 ಮಾಡಿದರೆ ಗುರುತುಗಳು ಗೆರೆಗಳಿಗೆ ಹೋಲಿಸಿದರೆ ಎರಡು ಪಟ್ಟು ದೊಡ್ಡವಾಗಿ ಒಂದರ ಮೇಲೊಂದು ಕೂರುತ್ತವೆ. ಎರಡು ಗೆರೆ ದಾಟಿದರೆ ತಾನಾಗಿ ತುಂಡಾಗುವುದೂ ಇಲ್ಲ. ಅಲ್ಲಿ ವೈರ್ ಸೇರಿದೆಯೋ, ಸುಮ್ನೆ ದಾಟಿದೆಯೋ ಗೊತ್ತಾಗುವುದಿಲ್ಲ.

ತಮ್ಮ: ಅದಕ್ಕೇ ರೆವಿಟ್‌ಗೆ ಸ್ಕ್ರಿಪ್ಟ್ ಬರೆಯುವ ಡೈನಮೋ ಇದೆ. ಸ್ಕ್ರಿಪ್ಟ್ ಬರೆದು ಮಾಡೆಲ್‌ನಿಂದ ಹೆಸರು, ಲೋಡ್ ಎಳೆದು ತುಂಬಬಹುದು. ರೆವಿಟ್‌ಗೆ ಸೇರಿಸಿಕೊಳ್ಳುವ ಆಡ್-ಇನ್‌ಗಳೂ ಇವೆ. ಹಳೇ ಡ್ರಾಯಿಂಗ್ ಸಾಫ್ಟ್‌ವೇರ್ ಆಟೋಕ್ಯಾಡ್‌ಗೆ ವಾಪಸ್ ಹೋಗಿ ಅಂತೀರಾ? 1982ರದ್ದು ಅದು!

ನಾನು: ಇಪ್ಪತ್ತು ಮಹಡಿಯ ಆಸ್ಪತ್ರೆಯಾದರೆ ಸ್ಕ್ರಿಪ್ಟ್ ಬರಿ, ನಾನೂ ಕೈ ಜೋಡಿಸುತ್ತೇನೆ. ಇದು ಎರಡು ಬೋರ್ಡಿನ ಮನೆ. ಆಟೋಕ್ಯಾಡ್‌ನಲ್ಲಿ ಬೇರೆಯಾಗಿಯೇ ಬರಿ. ಅಲ್ಲಿಯೂ ಕೈಯಲ್ಲೇ ತಿದ್ದಬೇಕು, ಆದರೆ ತಾನಾಗಿ ಬದಲಾಗುತ್ತದೆ ಅಂತ ಯಾರೂ ನಂಬಿ ಕೂರುವುದಿಲ್ಲ. ಒಂದೇ ಫೈಲ್‌ನಲ್ಲಿ ಎಲ್ಲ ಹಾಳೆಯೂ ಒಂದೇ ಥರ ಕಂಡರೆ ನಂಬುತ್ತಾರೆ. ದೊಡ್ಡಪ್ಪ ನಂಬಿದರಲ್ಲ.

ದೊಡ್ಡಪ್ಪ: ನಂಬಿದ್ದೆ. ಆದರೆ ಇಷ್ಟು ತಲೆ ಕೆಡಿಸಿಕೊಳ್ಳುವಂಥದ್ದಾ ಅದು?

ಭಾವ: ಹೌದು ಮಾವ. ಪಂಪ್ ಮುಟ್ಟುವುದು ಒದ್ದೆ ಕೈಯಲ್ಲಿ, ನಮ್ಮ ಮಳೆಯಲ್ಲಿ. ಅದು ಕರೆಂಟ್ ಸೋರಿದರೆ ಲೈನ್ ಕಡಿಯುವ 30 ಮಿಲಿ ಆಂಪಿಯರ್ ಆರ್‌ಸಿಸಿಬಿ ಆದಮೇಲೆ ಬರುತ್ತದೋ, ಮುಂಚೆಯೋ ಅಂತ ಪ್ಲಾನ್ ನೋಡಿದರೆ ಕಾಣುವುದಿಲ್ಲ. ಸಿಂಗಲ್ ಲೈನ್‌ನಲ್ಲೇ ಕಾಣಬೇಕು. ರಾತ್ರಿ ಕರೆಂಟ್ ಟ್ರಿಪ್ ಆದಾಗ ಟಾರ್ಚ್ ಹಿಡಿದು ನೋಡುವುದೂ ಅದನ್ನೇ. ಹಳೇ ಹಾಳೆ ನಂಬಿ ಮೇನ್ ಬೋರ್ಡಿನ ಎಂಸಿಬಿ ಸ್ವಿಚ್ ಇಳಿಸಿ, ಪಂಪ್ ಆಫ್ ಆಯಿತು ಅಂತ ಕೈ ಹಾಕಿದರೆ?

ಅಕ್ಕ: ದೊಡ್ಡಪ್ಪ, ಸೋಮವಾರ ಬೇಡ.

ತಮ್ಮ: ಸರಿ, ಬೇರೆ ಬರೆಯುತ್ತೇನೆ. ಆದರೆ ಸ್ಕ್ರಿಪ್ಟ್ ಬೇಡ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಶೆಡ್ಯೂಲ್ ಜೊತೆ ತಾಳೆ ನೋಡಲಾದರೂ ಅದು ಬೇಕು.

ನಾನು: ತಾಳೆ ನೋಡಲು ಖಂಡಿತ ಬೇಕು. ಸ್ಕ್ರಿಪ್ಟ್ ಓಡಿಸಿದ ಮೇಲೆ ಭಾವನ ಜೊತೆ ಕೂತು ಮೀಟರ್‌ನಿಂದ ಕೊನೇ ಪಾಯಿಂಟ್‌ವರೆಗೆ ಬೆರಳಿಟ್ಟು ಓದು.

ದೊಡ್ಡಪ್ಪ: ಬುಧವಾರಕ್ಕೆ ಇಟ್ಟುಕೊಳ್ಳೋಣ. ಮಾಣಿ, ಹಳೇ ಪಿಡಿಎಫ್ ಡಿಲೀಟ್ ಮಾಡುತ್ತೇನೆ. ಹೊಸದರ ಮೇಲೆ ತಾರೀಕು ದೊಡ್ಡದಾಗಿ ಹಾಕು.

ಭಾವ: ಪ್ರತಿ ಲೈನ್ ಪಕ್ಕ ಕೇಬಲ್ ಸೈಜೂ ಇರಲಿ. ಸಾಮಾನು ತರಲು ಶಿವಮೊಗ್ಗಕ್ಕೆ ಹೋಗುವ ಮೊದಲೇ ಬೇಕು ನನಗೆ.