ಸುಟ್ಟ ಹಲಗೆಯ ಬಗ್ಗೆ ಬಡಗಿಯನ್ನು ಕೇಳಿ: ಯಾಕಿಸುಗಿ ಪ್ರಶ್ನೋತ್ತರ

ಬಡಗಿ (ಒಕಾಯಾಮಾ): ನಮಸ್ಕಾರ. ಪಶ್ಚಿಮ ಜಪಾನಿನಲ್ಲಿ ಯಾಕಿಸುಗಿ ಹಲಗೆ ಸುಡುವ ಕೆಲಸದಲ್ಲಿದ್ದೇನೆ. ‘ಯಾಕಿ’ ಎಂದರೆ ಸುಟ್ಟ. ‘ಸುಗಿ’ ಇಲ್ಲಿನ ಸೂಚಿಪರ್ಣ ಮರ. ಮನೆಯ ಹೊರಗೋಡೆಗೆ ಇದನ್ನು ಹೊದಿಸುತ್ತಾರೆ. ಸಂಜೆ ಬಿಡುವಿದೆ, ಕೇಳಿ.

ಮೈಸೂರಿನಿಂದ: ಸರ್, ‘ಶೋ ಸುಗಿ ಬಾನ್’ ಎಂಬುದು ಬೇರೆಯೇ?

ಬಡಗಿ: ಬೇರೆಯಲ್ಲ. ಯಾಕಿಸುಗಿ ಹಲಗೆ ಎಂದು ಬರೆಯುವ ಮೂರು ಅಕ್ಷರಗಳನ್ನು ಹೊರಗಿನವರು ತಪ್ಪಾಗಿ ಓದಿ ಹಬ್ಬಿಸಿದ ಹೆಸರು ಅದು.

ಸಾಗರದಿಂದ: ಸುಡುವ ಕ್ರಮ ತಿಳಿಸುವಿರಾ?

ಬಡಗಿ: ಮೂರು ಉದ್ದ ಹಲಗೆಗಳನ್ನು ತ್ರಿಕೋನದ ಕೊಳವೆಯಂತೆ ಕಟ್ಟಿ ನಿಲ್ಲಿಸುತ್ತೇವೆ. ಬುಡದಲ್ಲಿ ಕಾಗದ, ಕೀಸಿದ ಹೊಟ್ಟು ಇಟ್ಟು ಬೆಂಕಿ ಕೊಟ್ಟರೆ ಕೊಳವೆಯೇ ಚಿಮಣಿಯಾಗಿ ಜ್ವಾಲೆಯನ್ನು ಮೇಲಕ್ಕೆಳೆಯುತ್ತದೆ. ಮೊದಲು ದಟ್ಟ ಹೊಗೆ, ಬಳಿಕ ಗುಯ್ಯೆನ್ನುವ ಸದ್ದು, ಕೊನೆಗೆ ತುದಿಯಲ್ಲಿ ಜ್ವಾಲೆ. ಎಲ್ಲ ಕೆಲವೇ ನಿಮಿಷ. ಕಟ್ಟು ಬಿಚ್ಚಿ, ಕೆಡವಿ, ನೀರು ಸುರಿಯಬೇಕು. ಆರಿದ ಮೇಲೆ ಬೇಸಿಗೆಯ ಕೆರೆಯಂಗಳದ ಹಾಗೆ ಚೌಕ ಚೌಕವಾಗಿ ಬಿರಿದ ಕರಿ ಕಾಣುತ್ತದೆ. ಉಗುರಿನಿಂದ ಕೆರೆದರೆ ಸುಮಾರು 3 ಮಿಲಿಮೀಟರ್ ಇದ್ದಿಲು.

ಬೆಂಗಳೂರಿನಿಂದ: ಗ್ಯಾಸ್ ಟಾರ್ಚ್ ಸಾಲದೇ?

ಬಡಗಿ: ಬಣ್ಣಕ್ಕೆ ಸಾಕು. ಇದ್ದಿಲಿನ ಪದರ ಅಷ್ಟು ದಪ್ಪ ಬರುವುದಿಲ್ಲ.

ಕೊಡಗಿನಿಂದ: ಚದರ ಅಡಿಗೆ ಎಷ್ಟು ಬೀಳುತ್ತದೆ?

ತುಮಕೂರಿನಿಂದ: ಸುಟ್ಟ ಮರಕ್ಕೆ ಗೆದ್ದಲು ಹತ್ತುವುದಿಲ್ಲವಂತೆ, ನಿಜವೇ?

ಬಡಗಿ: ನಂಬಬೇಡಿ. ಸುಡುವುದು ಒಂದೇ ಮುಖವನ್ನು. ಗೆದ್ದಲು ಹಿಂಬದಿಯಿಂದಲೂ ಕೊಯ್ದ ತುದಿಯಿಂದಲೂ ಒಳಹೋಗುತ್ತದೆ. ಹಲಗೆ ನೆಲಕ್ಕೆ ತಾಗದಿರಲಿ, ಹಿಂದೆ ಗಾಳಿಯಾಡಲಿ.

ಹಾಸನದಿಂದ: ಗೆದ್ದಲಿಗೆ ಇದು ರಾಮಬಾಣ ಎಂದು ಕೇಳಿದ್ದೇನೆ. ಹೌದೇ?

ಬಡಗಿ: ಮೇಲೆ ಓದಿ.

ದಾವಣಗೆರೆಯಿಂದ: ನನಗೆ ಬಂದ ಸಂದೇಶ: ‘ಹಳೆಯ ಎಂಜಿನ್ ಆಯಿಲ್ ಬಳಿದು ಸುಟ್ಟರೆ ಮರ ನೂರು ವರ್ಷ ಬಾಳುತ್ತದೆ. ಎಲ್ಲರಿಗೂ ಕಳುಹಿಸಿ.’

ಬಡಗಿ: ಯಾರಿಗೂ ಕಳುಹಿಸಬೇಡಿ. ಆ ಎಣ್ಣೆಯಲ್ಲಿ ಲೋಹದ ಕಣಗಳೂ ಕ್ಯಾನ್ಸರ್ ತರುವ ವಸ್ತುಗಳೂ ಇರುತ್ತವೆ. ಬೆಂಕಿ ತಗುಲಿದರೆ ಅವೇ ಹೊಗೆಯಾಗಿ ನಿಮ್ಮ ಶ್ವಾಸಕೋಶಕ್ಕೆ ಹೋಗುತ್ತವೆ.

ಕುಂದಾಪುರದಿಂದ: ನಮ್ಮಲ್ಲಿ ದೋಣಿಗೆ ಗೇರು ಎಣ್ಣೆ ಬಳಿಯುತ್ತಾರೆ. ಅದಾಗುತ್ತದೆಯೇ?

ಬಡಗಿ: ಸುಡುವ ಮೊದಲು ಬೇಡ, ಅದರ ಹೊಗೆ ಕಣ್ಣು, ಗಂಟಲನ್ನು ಸುಡುತ್ತದೆ. ಬರಿಗೈಗೆ ತಾಗಿದರೆ ಬೊಬ್ಬೆ ಏಳುವುದು ನಿಮಗೇ ಗೊತ್ತು. ಸುಟ್ಟ ಮೇಲೆ ಅಗಸೆ ಎಣ್ಣೆ ಬಳಿಯಬಹುದು. ಆದರೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿಯೇ ಹೊತ್ತಿಕೊಳ್ಳುತ್ತದೆ. ನೀರಿನಲ್ಲಿ ಅದ್ದಿ, ಬಯಲಿನಲ್ಲಿ ಹರಡಿ ಒಣಗಿಸಿ.

ದಾವಣಗೆರೆಯಿಂದ: ನಮ್ಮ ಹಿರಿಯರು ಬೇಲಿಗೂಟದ ಬುಡ ಸುಟ್ಟೇ ಹೂಳುತ್ತಿದ್ದರು. ಅದಕ್ಕೆ ಜಪಾನಿನವರು ಬೇಕೇ?

ಕುಂದಾಪುರದಿಂದ: ನಾವೂ ಸುಟ್ಟು ಹೂಳಿದೆವು. ಮೂರನೆಯ ಮಳೆಗಾಲಕ್ಕೆ ಗೂಟ ಕೈಯಲ್ಲೇ ಬಂತು.

ದಾವಣಗೆರೆಯಿಂದ: ನಿಮಗೆ ಸುಡಲು ಬಾರದಿದ್ದರೆ ಹಿರಿಯರನ್ನು ದೂರಬೇಡಿ.

ಕುಂದಾಪುರದಿಂದ: ದೂರಿದ್ದು ಹಿರಿಯರನ್ನಲ್ಲ. ಎಂಜಿನ್ ಆಯಿಲ್ ಸಂದೇಶ ಹಿರಿಯರು ಕಳುಹಿಸಿದ್ದೇ?

ಚಿಕ್ಕಮಗಳೂರಿನಿಂದ: ನಮ್ಮ ತೋಟದ ಸಿಲ್ವರ್ ಓಕ್ ಹಲಗೆ ಆಗಬಹುದೇ?

ಹುಬ್ಬಳ್ಳಿಯಿಂದ: ಕಾರ್ಖಾನೆಯ ಹಳೆಯ ಕೂಲಿಂಗ್ ಟವರ್ ಕಳಚಿದಾಗ ಸಿಕ್ಕ ಪೈನ್ ಹಲಗೆಗಳು ನನ್ನಲ್ಲಿವೆ. ಕೀಸಿದಾಗ ಒಳಗೆ ತಿಳಿಹಸಿರು ಕಂಡಿತು. ನಿನ್ನೆ ಹಿತ್ತಲಿನಲ್ಲಿ ನಾಲ್ಕನ್ನು ಸುಟ್ಟೆ. ಗಂಟಲು ಉರಿಯುತ್ತಿದೆ. ಯಾವ ಎಣ್ಣೆ ಬಳಿಯಲಿ?

ಬಡಗಿ: ಎಣ್ಣೆಯ ಮಾತು ಬಿಡಿ. ಇನ್ನೊಂದು ಹಲಗೆಯನ್ನೂ ಸುಡಬೇಡಿ. ಕೂಲಿಂಗ್ ಟವರಿನ ಮರ ಸದಾ ನೀರಿನಲ್ಲಿ ನೆನೆಯುತ್ತದೆ. ಕೊಳೆಯದಿರಲೆಂದು ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಕೂಡಿದ ದ್ರಾವಣವನ್ನು ಒತ್ತಡದಲ್ಲಿ ಒಳಗೆ ತುಂಬುತ್ತಿದ್ದರು. ಇದನ್ನು 1933ರಲ್ಲಿ ರೂಪಿಸಿದವರು ಭಾರತದವರೇ ಆದ ಸೊಂಟಿ ಕಾಮೇಶಂ. ಮರದೊಳಗೆ ಇರುವಷ್ಟು ಕಾಲ ಅದು ಮರವನ್ನು ಕಾಯುತ್ತದೆ. ಸುಟ್ಟರೆ ಆರ್ಸೆನಿಕ್ಕಿನ ಒಂದು ಪಾಲು ಹೊಗೆಗೆ, ಉಳಿದದ್ದು ಬೂದಿಗೆ. ನೀವು ಕಂಡ ಹಸಿರು ಈ ದ್ರಾವಣದ್ದೇ ಇರಬೇಕು. ಇಂದೇ ವೈದ್ಯರಲ್ಲಿಗೆ ಹೋಗಿ. ಬರೀ ‘ಹೊಗೆ ಕುಡಿದೆ’ ಎನ್ನಬೇಡಿ, ‘ಆರ್ಸೆನಿಕ್ ತುಂಬಿದ ಮರದ ಹೊಗೆ ಇರಬಹುದು’ ಎಂದೇ ಹೇಳಿ. ಬೂದಿಯನ್ನು ಗುಡಿಸಬೇಡಿ, ಧೂಳೇಳುತ್ತದೆ. ನೀರು ಚಿಮುಕಿಸಿ, ಮುಖಗವಸು, ಕೈಗವಸು ಹಾಕಿಕೊಂಡು ದಪ್ಪ ಚೀಲಕ್ಕೆ ತುಂಬಿ ಕಟ್ಟಿಡಿ. ಎಲ್ಲಿ ಒಪ್ಪಿಸಬೇಕೆಂದು ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿಯಲ್ಲಿ ಕೇಳಿ. ಮಕ್ಕಳು, ದನಕರು ಆ ಕಡೆ ಸುಳಿಯದಿರಲಿ. ಬೂದಿ ಈಗ ಎಲ್ಲಿದೆ?

ದಾವಣಗೆರೆಯಿಂದ: ಸುಮ್ಮನೆ ಹೆದರಿಸುತ್ತಿದ್ದೀರಿ. ಬೂದಿ ಗಿಡಕ್ಕೆ ಒಳ್ಳೆಯ ಗೊಬ್ಬರ.

ಬಡಗಿ: ಈ ಮಾತನ್ನು ಅಳಿಸಿ. ಈಗಲೇ.

ಹುಬ್ಬಳ್ಳಿಯಿಂದ: ಬೂದಿಯನ್ನು ಅಮ್ಮ ಬೆಳಿಗ್ಗೆ ಕರಿಬೇವಿನ ಬುಡಕ್ಕೆ ಹಾಕಿದ್ದಾರೆ.

ಬಡಗಿ: ಆ ಗಿಡದ ಎಲೆ ಅಡುಗೆಗೆ ಬೇಡ. ಬೂದಿ ಬಿದ್ದ ಮೇಲ್ಮಣ್ಣನ್ನೂ ತೆಗೆದು ಚೀಲಕ್ಕೆ ಹಾಕಿ. ಅಮ್ಮ ಬರಿಗೈಯಲ್ಲಿ ಮುಟ್ಟಿದರೇ? ಸೋಪು ಹಚ್ಚಿ ತೊಳೆದುಕೊಳ್ಳಲಿ. ಅವರನ್ನೂ ವೈದ್ಯರಲ್ಲಿಗೆ ಕರೆದೊಯ್ಯಿರಿ.

ಗದಗದಿಂದ: ಸರ್, ಸುಟ್ಟರೆ ಗೆದ್ದಲು ಬರುವುದಿಲ್ಲವೇ?

ಬಡಗಿ: ಹುಬ್ಬಳ್ಳಿಯವರೇ, ಇದ್ದೀರಾ?

ಹುಬ್ಬಳ್ಳಿಯಿಂದ: ಅಮ್ಮನೊಂದಿಗೆ ಆಸ್ಪತ್ರೆಗೆ ಹೊರಟಿದ್ದೇನೆ. ತೋರಿಸಲು ಹಲಗೆಯ ತುಂಡೊಂದನ್ನು ಚೀಲದಲ್ಲಿ ಕಟ್ಟಿಕೊಂಡಿದ್ದೇನೆ.

ಬಡಗಿ: ಸುಡದ ತುಂಡನ್ನು ಒಯ್ಯಿರಿ. ಹಸಿರು ಅದರಲ್ಲಿ ಕಾಣುತ್ತದೆ.