ಒಂದೆಲಗದ ಡಿಪಿಪಿಎಚ್ (ಆಂಟಿಆಕ್ಸಿಡೆಂಟ್) ಪರೀಕ್ಷೆ: ಸಾರ ಜಾಸ್ತಿ ಹಾಕಿದಷ್ಟೂ ರೀಡಿಂಗ್ ಮತ್ತೆ ಏರ್ತಿದೆ, ಯಾಕೆ?

ಹಾಸನ_ಬಯೋಕೆಮ್
ಸಕಲೇಶಪುರ ಕಡೆಯ ಕಾಫಿ ತೋಟದ ಒಂದೆಲಗ. ನೆರಳಲ್ಲಿ ಒಣಗಿಸಿದ 10 ಗ್ರಾಂ ಪುಡಿಗೆ 100 ಮಿಲಿ ಮೆಥನಾಲ್, 48 ಗಂಟೆ ಶೇಕರ್, ಸೋಸಿ 40 ಡಿಗ್ರಿಯಲ್ಲಿ ಇಂಗಿಸಿದ್ದು. ಸಾರ ಕಡು ಹಸಿರು, ಅಂಟು. 1 ಮಿಲಿ ಸಾರಕ್ಕೆ 3 ಮಿಲಿ ಡಿಪಿಪಿಎಚ್ (ಆಂಟಿಆಕ್ಸಿಡೆಂಟ್ ಸೇರಿದರೆ ಬಣ್ಣ ಕಳೆದುಕೊಳ್ಳೋ ನೇರಳೆ ದ್ರಾವಣ, 0.1 ಮಿಲಿಮೋಲಾರ್), ಕತ್ತಲಲ್ಲಿ 30 ನಿಮಿಷ, 517 ನ್ಯಾನೊಮೀಟರ್‌ನಲ್ಲಿ ಬೆಳಕು ಹೀರಿಕೆಯ ರೀಡಿಂಗ್. ಕಂಟ್ರೋಲ್ (ಸಾರದ ಬದಲು ಮೆಥನಾಲ್) 0.41. ಸಾರ 50, 100, 200, 400, 800 ಮೈಕ್ರೋಗ್ರಾಂ/ಮಿಲಿ ಇದ್ದಾಗ 0.33, 0.25, 0.17, 0.19, 0.26. ಐಸಿ50 (ಡಿಪಿಪಿಎಚ್ ಅರ್ಧ ಕಳೆಯೋಕೆ ಬೇಕಾದ ಸಾರದ ಸಾಂದ್ರತೆ) ಹೇಗೆ ತೆಗೆಯೋದು? ಇದನ್ನು ನೆನಪಿನ ಶಕ್ತಿಗೆ ಆಧಾರ ಅಂತ ವರದಿಯಲ್ಲಿ ಬರೆಯಬಹುದಾ?

ಕ್ಯುವೆಟ್
ಕೊನೆಯ ಎರಡು ರೀಡಿಂಗಲ್ಲಿ ಕಾಣ್ತಿರೋದು ಬಹುಪಾಲು ಸಾರದ್ದೇ ಬಣ್ಣ ಮತ್ತು ಮಬ್ಬು. ಪ್ರತಿ ಸಾಂದ್ರತೆಗೂ 1 ಮಿಲಿ ಸಾರ + 3 ಮಿಲಿ ಬರೀ ಮೆಥನಾಲ್ ಬ್ಲಾಂಕ್ (ಡಿಪಿಪಿಎಚ್ ಇಲ್ಲದ್ದು) ಇಟ್ಟು ಅದರ ರೀಡಿಂಗ್ ಕಳೆಯಿರಿ. ಮಬ್ಬಿದ್ದರೆ ಮೊದಲೇ 0.45 ಮೈಕ್ರಾನ್ ಫಿಲ್ಟರ್.

ಅದಕ್ಕಿಂತ ದೊಡ್ಡ ತಪ್ಪು ಕಂಟ್ರೋಲ್‌ನಲ್ಲಿದೆ. 3 ಮಿಲಿ 4 ಮಿಲಿ ಆದಾಗ ಡಿಪಿಪಿಎಚ್ 0.075 ಮಿಲಿಮೋಲಾರ್‌ಗೆ ಇಳಿಯುತ್ತೆ, ರೀಡಿಂಗ್ ಸುಮಾರು 0.8 ಬರಬೇಕು. ನಿಮ್ಮದು ಅರ್ಧ. ಒಂದೋ ದ್ರಾವಣ ಹಳೇದು, ಇಲ್ಲಾ ತೂಕ ತಪ್ಪು. 100 ಮಿಲಿಗೆ 3.94 ಮಿ.ಗ್ರಾಂ ಅಂತ ಸಾಮಾನ್ಯ ತಕ್ಕಡಿಯಲ್ಲಿ ತೂಗಿದರೆ ಹೀಗೇ ಆಗೋದು. 19.7 ಮಿ.ಗ್ರಾಂ ತೂಗಿ 50 ಮಿಲಿ ಮೆಥನಾಲಲ್ಲಿ ಕರಗಿಸಿ (1 ಮಿಲಿಮೋಲಾರ್), ಅದನ್ನು ಹತ್ತು ಪಟ್ಟು ತೆಳು ಮಾಡಿ. ಫಾಯಿಲ್ ಸುತ್ತಿ, ಅವತ್ತೇ ಬಳಸಿ.

ಇನ್ನೊಂದು: ಕೊಳವೆಯೊಳಗೆ ನಿಮ್ಮ 800 ನಿಜಕ್ಕೆ 200. ವರದಿಯಲ್ಲಿ ಕೊನೆಯ ಸಾಂದ್ರತೆಯನ್ನೇ ಬರೀರಿ, ಇಲ್ಲದಿದ್ದರೆ ಐಸಿ50 ನಾಲ್ಕು ಪಟ್ಟು ಜಾಸ್ತಿ ಕಾಣುತ್ತೆ. ಡಿಪಿಪಿಎಚ್ ಶೇ. 20ರಿಂದ 80ರಷ್ಟು ಕಳೆದ ಬಿಂದುಗಳಿಂದ ಮಾತ್ರ ಲೆಕ್ಕ ಹಾಕಿ. ಜೊತೆಗೆ ಹೋಲಿಕೆಗೆ ಆಸ್ಕಾರ್ಬಿಕ್ ಆಮ್ಲ 1ರಿಂದ 20 ಮೈಕ್ರೋಗ್ರಾಂ/ಮಿಲಿ ಓಡಿಸಿ, ಎಲ್ಲ ಮೂರು ಮೂರು ಸಲ.

ಮಲ್ನಾಡ್_ಗಿಡಮೂಲಿಕೆ
ಗಿಡದ ಗುರುತು ಮಾಡಿಸಿದ್ದೀರಾ? "ಬ್ರಾಹ್ಮಿ" ಅಂದರೆ ಕೆಲವರಿಗೆ ಒಂದೆಲಗ, ಕೆಲವರಿಗೆ ನೀರುಬ್ರಾಹ್ಮಿ. ಎರಡರ ಕುಟುಂಬವೇ ಬೇರೆ. ಹೂವು, ಬೇರು ಸಮೇತ ಒತ್ತಿ ಒಣಗಿಸಿದ ಮಾದರಿ ಹರ್ಬೇರಿಯಂಗೆ (ಒಣ ಸಸ್ಯಗಳ ಸಂಗ್ರಹಾಲಯ) ಕೊಟ್ಟು ನಂಬರ್ ತಗೊಳ್ಳಿ.

ಕಾಫಿ ತೋಟದ್ದು ಅಂದಿರಿ. ಕಾಫಿಗೆ ಶೇ. 0.5, ಅಡಿಕೆಗೆ ಶೇ. 1ರ ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣದ ಔಷಧ) ಹೊಡೀತಾರೆ. ತಾಮ್ರವೆಲ್ಲ ತೊಟ್ಟಿಕ್ಕೋದು ಬುಡದ ನೆಲಕ್ಕೆ, ಒಂದೆಲಗ ಹಬ್ಬೋದೂ ಅಲ್ಲೇ. ಆಯುರ್ವೇದ ಫಾರ್ಮಾಕೊಪಿಯಾದ ಮಿತಿ ಸೀಸ 10, ಆರ್ಸೆನಿಕ್ 3, ಪಾದರಸ 1, ಕ್ಯಾಡ್ಮಿಯಂ 0.3 ಪಿಪಿಎಂ. ಈ ನಾಲ್ಕರಲ್ಲಿ ತಾಮ್ರ ಇಲ್ಲ, ಬೇರೆಯಾಗಿ ಕೇಳಿ ಮಾಡಿಸಬೇಕು.

ಮಳೆಗಾಲದಲ್ಲಿ ಸಕಲೇಶಪುರ ಕಡೆ ನೆರಳಲ್ಲಿ ಒಣಗಿಸೋದು ಅಂದರೆ ಬೂಷ್ಟು ಬೆಳೆಸೋದು. 40 ಡಿಗ್ರಿ ಓವನ್ ಹಿಡೀರಿ, ಎಲೆ ಮುರಿದರೆ ಚಟ್ ಅನ್ನೋವರೆಗೆ.

ಹಾಸನ_ಬಯೋಕೆಮ್
ತಕ್ಕಡಿ 1 ಮಿ.ಗ್ರಾಂನದ್ದೇ. ಡಿಪಿಪಿಎಚ್ ಕರಗಿಸಿ ಮೂರು ದಿನ ಆಗಿತ್ತು. ನೆನಪಿನ ಶಕ್ತಿ ವಿಷಯ?

ಕ್ಯುವೆಟ್
ಬರೀಬೇಡಿ. ಡಿಪಿಪಿಎಚ್ ಬಣ್ಣ ಕಳೆಯೋದು ಮುಖ್ಯವಾಗಿ ಫೀನಾಲ್‌ಗಳು. ಒಂದೆಲಗದ ಹೆಸರಾಂತ ಏಷಿಯಾಟಿಕೋಸೈಡ್ ಟ್ರೈಟರ್ಪೀನ್ ಸ್ಯಾಪೊನಿನ್, ಅದರಲ್ಲಿ ಫೀನಾಲ್ ಗುಂಪೇ ಇಲ್ಲ. ನೆನಪಿನ ದಿಕ್ಕಿಗೆ ಹೋಗಲೇಬೇಕು ಅಂದರೆ ಎಲ್‌ಮನ್ ವಿಧಾನದಲ್ಲಿ ಅಸಿಟೈಲ್‌ಕೋಲಿನೆಸ್ಟರೇಸ್ (ನರಸಂದೇಶದ ಅಸಿಟೈಲ್‌ಕೋಲಿನ್ ಒಡೆಯೋ ಕಿಣ್ವ) ತಡೆ ನೋಡಿ, 412 ನ್ಯಾನೊಮೀಟರ್‌ನಲ್ಲಿ. ಹಸಿರು ಅಲ್ಲೂ ಕಾಡುತ್ತೆ, ಬ್ಲಾಂಕ್ ಬಿಡಬೇಡಿ. ಅದೂ ಗಾಜಿನೊಳಗಿನ ಮಾತೇ. "ಕಿಣ್ವವನ್ನು ಇಷ್ಟು ತಡೆಯಿತು" ಅನ್ನೋವರೆಗೆ ಮಾತ್ರ ಬರೀಬಹುದು.